ಲಗ್ಗೆರೆಯ ಸೆಟ್

ಲಗ್ಗೆರೆಯ ಔಷಧಿ ಅಂಗಡಿಗಳಲ್ಲಿ ಸೆಟ್ ಎಂದರೆ ದೋಸೆಯಲ್ಲ. ಮೈಕೈ ನೋವಿಗೆ ಅಂಗಡಿಯವರೇ ಕಾಗದದಲ್ಲಿ ಕಟ್ಟಿ ಕೊಡುವ ಹೆಸರಿಲ್ಲದ ಗುಳಿಗೆಗಳು. ಅವುಗಳಲ್ಲಿ ಒಂದು ಸ್ಟೀರಾಯ್ಡ್. ತೊಂಬತ್ತೈದನೇ ಇಸವಿಯಲ್ಲಿ ಅಲ್ಲಿ ಸೆಟ್ ಮಾರದಿದ್ದವರು ಹೇಮಲತಾ ಒಬ್ಬರೇ. ಫಾರ್ಮಸಿ ಓದಿದವರು, ಔಷಧಿ ವ್ಯಾಪಾರಿಗಳ ಸಂಘದ ಅಧ್ಯಕ್ಷೆ. ಸಭೆಗೆ ಸರಿಯಾದ ಹೊತ್ತಿಗೆ ಬೇರೆ ಯಾರೂ ಬರುತ್ತಿರಲಿಲ್ಲವಾದ್ದರಿಂದ ಆಯ್ಕೆ ಸುಲಭವಾಗಿತ್ತು. ತಾನು ಮಾರದಿದ್ದರೆ ಸಾಕು ಎಂದು ಅವರು ಅಂದುಕೊಂಡಿದ್ದರು.

ದೀಪಾವಳಿಗೆ ಮುಂಚೆ ಒಂದು ಬೆಳಿಗ್ಗೆ ರುಕ್ಮವ್ವ ಗಂಡನನ್ನು ಕರೆತಂದಳು. ಮರೆಪ್ಪ ಪೀಣ್ಯದ ಕಾರ್ಖಾನೆಯೊಂದರಲ್ಲಿ ಭಾರ ಹೊರುವವನು. ಕೈಕಾಲು ಕಡ್ಡಿಯಂತಿದ್ದವು, ಮುಖ ಮಾತ್ರ ದುಂಡಗಿತ್ತು.

“ನೋಡ್ರಿ ಅಕ್ಕಾರ, ಮೈ ಹೆಂಗ ತುಂಬೈತಿ! ಊರಾಗ ಸಾವ್ಕಾರ ಅಂತಾರ. ಲಕ್ಷ್ಮಯ್ಯನ ಅಂಗಡಿ ಇನ್ನಾ ತಗದಿಲ್ಲ, ಒಂದು ಸೆಟ್ ಕೊಡ್ರಿ.”

“ಇದು ಮೈ ತುಂಬಿದ್ದಲ್ಲಮ್ಮ, ಊತ. ಯಾವಾಗಿಂದ ನುಂಗ್ತಿದಾರೆ?”

“ಯುಗಾದಿಯಿಂದರಿ.”

ಹೀಗೇ ನುಂಗಿದರೆ ಮೂಳೆ ಸವೆಯುತ್ತದೆ. ಥಟ್ಟನೆ ಬಿಟ್ಟರೆ ಜೀವಕ್ಕೇ ಅಪಾಯ. ವೈದ್ಯರು ಸ್ವಲ್ಪಸ್ವಲ್ಪವಾಗಿ ಬಿಡಿಸಬೇಕು. ಹೇಮಲತಾ ಅದನ್ನೆಲ್ಲ ಬಿಡಿಸಿ ಹೇಳಿದರು.

“ದವಾಖಾನಿ ಯಾಕ್ರಿ? ಲಕ್ಷ್ಮಯ್ಯ ಈಗ ಬಾಗ್ಲಾ ತಗೀತಾನ,” ಎಂದು ಮರೆಪ್ಪ ಹೊರಟ.

ಹೇಮಲತಾ ಅಂಗಡಿಗೆ ಬೀಗ ಹಾಕಿ ಅವರ ಹಿಂದೆಯೇ ಹೋದರು. ಲಕ್ಷ್ಮಯ್ಯ ಆಗಷ್ಟೇ ಬಾಗಿಲು ತೆಗೆದಿದ್ದರು.

“ಲಕ್ಷ್ಮಯ್ಯನವರೇ, ನನಗೂ ಒಂದು ಸೆಟ್ ಕೊಡಿ.”

“ಏನ್ ಮೇಡಂ, ಬೆಳಿಗ್ಗೆ ಬೆಳಿಗ್ಗೆ ತಮಾಷೆನಾ?”

“ಸೊಂಟನೋವು. ನೀವೂ ಬೆಲ್ಟ್ ಕಟ್ಕೊಂಡಿದ್ದೀರಲ್ಲ. ಬನ್ನಿ, ಜೊತೆಗೇ ನುಂಗೋಣ.”

ಲಕ್ಷ್ಮಯ್ಯ ನಕ್ಕರು. ಬೇರೆ ಯಾರೂ ನಗಲಿಲ್ಲ.

“ನಂಗೆ ಶುಗರ್ ಇದೆ ಮೇಡಂ. ಇದೆಲ್ಲ ಆಗ್ಬರಲ್ಲ.”

“ಇವರಿಗೆ ಶುಗರ್ ಇದೆಯಾ ಅಂತ ನೋಡಿದ್ರಾ?”

ರುಕ್ಮವ್ವ ಮುಂದೆ ಬಂದಳು. “ನೀ ನುಂಗಂಗಿಲ್ಲ, ನನ್ನ ಗಂಡ ನುಂಗಬೇಕಾ?” ಎಂದವಳೇ ಮರೆಪ್ಪನ ತೋಳು ಹಿಡಿದು ಎಳೆದಳು. “ನಡೀರಿ ಅಕ್ಕಾರ, ದವಾಖಾನಿ ಎಲ್ಲೈತಿ?”

ಮುಂದಿನ ಸಭೆಯಲ್ಲಿ ಸೆಟ್ ನಿಲ್ಲಿಸಬೇಕೆಂದು ಹೇಮಲತಾ ಬಹಳ ಹೊತ್ತು ಮಾತನಾಡಿದರು. ಎಲ್ಲರೂ ಚಹಾ ಕುಡಿದರು. ಕೊನೆಗೆ ಲಕ್ಷ್ಮಯ್ಯ ಎದ್ದು ನಿಂತರು.

“ಇವರು ನನ್ ಮರ್ಯಾದೆ ತೆಗೆದ್ರು, ನಾನು ನಿಲ್ಲಿಸ್ದೆ. ಈಗ ನೀವ್ ಮಾರಿದ್ರೆ ನನ್ ಗಿರಾಕಿಗಳೆಲ್ಲ ನಿಮ್ಮ ಹತ್ರ ಬರ್ತಾರೆ. ಅದು ಆಗ್ಕೂಡದು ಕಣ್ರೀ.”

ಈ ವಾದ ಎಲ್ಲರಿಗೂ ಬೇಗ ಅರ್ಥವಾಯಿತು. ಲಗ್ಗೆರೆಯಲ್ಲಿ ಸೆಟ್ ನಿಂತಿತು.

ಮರೆಪ್ಪನ ಗುಳಿಗೆ ಬಿಡಿಸಲು ವೈದ್ಯರಿಗೆ ಬೇಸಿಗೆಯವರೆಗೆ ಹಿಡಿಯಿತು. ಮುಖ ಇಳಿಯಿತು, ನೋವು ಮರಳಿತು. ಕಾರ್ಖಾನೆಯವರು ಅವನನ್ನು ಗೇಟು ಕಾಯಲು ಹಾಕಿದರು. ಅದು ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ. ಹೇಮಲತಾ ಅವರ ಅಂಗಡಿಯ ಮುಂದೆ ದಿನವೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಅವನು ತನ್ನ ಕಾಲ ಮೇಲೆ ನೆಟ್ಟಗೆ ನಡೆದುಕೊಂಡು ಹೋಗುತ್ತಿದ್ದಾನೆಯೇ ಎಂಬುದನ್ನಷ್ಟೇ ಅವರು ನೋಡುತ್ತಿದ್ದರು.