ಚಿಗವ್ವನ ಹೆಸರು

ಹೋದ ವಾರ ಮಾನ್ವಿಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಯಾವುದೋ ಮನೆಯಿಂದ ಗುರೆಳ್ಳು ಹುರಿಯುವ ವಾಸನೆ ಬಂತು. ತುಸು ಕಮರಿದ, ಎಣ್ಣೆ ಬಿಡುತ್ತಿರುವ ವಾಸನೆ. ಬಸ್ಸು ಬಂದು ಹೋಯಿತು. ನಾನು ನಿಂತೇ ಇದ್ದೆ...

ರಾಯಚೂರಿನಲ್ಲಿ ಬಿ.ಎಡ್ ಓದುವಾಗ ನನ್ನ ಬಾಡಿಗೆ ಕೋಣೆಯ ಮಗ್ಗುಲಲ್ಲೇ ಆಕೆಯ ಮನೆ. ದೇವದುರ್ಗದ ಕಡೆಯ ಕೂಲಿ ಮನೆತನದ ಹೆಣ್ಣುಮಗಳು. ಹೈದರಾಬಾದಿಗೆ ದುಡಿಯಲು ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದ. ಪಿಯುಸಿ ಓದುವ ಮಗಳೊಬ್ಬಳೇ ಜೊತೆಗೆ. ಬೇರೆಯವರ ಖಾನಾವಳಿಯಲ್ಲಿ ರೊಟ್ಟಿ ಬಡಿದು ಇಬ್ಬರ ಹೊಟ್ಟೆ ನಡೆಸುತ್ತಿದ್ದಳು. ನಾನು ಆಕೆಯನ್ನು ಚಿಕ್ಕಮ್ಮನೆಂಬಂತೆ ಚಿಗವ್ವ ಎನ್ನುತ್ತಿದ್ದೆ.

ಮಧ್ಯಾಹ್ನ ಮನೆಗೆ ಬಂದ ಮೇಲೆ ಚಿಗವ್ವನಿಗೆ ಇನ್ನೊಂದು ಬದುಕಿತ್ತು. ಮೊಬೈಲನ್ನು ಡಬ್ಬಿಗೆ ಆನಿಸಿಟ್ಟು ಅಡುಗೆಯ ವಿಡಿಯೋ ಮಾಡುತ್ತಿದ್ದಳು. ಮುಖವಿಲ್ಲ, ಹೆಸರಿಲ್ಲ, ಊರಿಲ್ಲ. ಹಸಿರು ಗಾಜಿನ ಬಳೆ ತೊಟ್ಟ ಎರಡು ಕೈ, ಒಂದು ಧ್ವನಿ, ಅಷ್ಟೇ. ಪುಂಡಿಪಲ್ಯ, ಝುಣಕ, ಗುರೆಳ್ಳು ಹುರಿದು ಕುಟ್ಟಿದ ಹಿಂಡಿ... ಎಲ್ಲೆಲ್ಲಿಯ ಹೆಂಗಸರೋ ನೋಡುತ್ತಿದ್ದರು. ಅವರು ಬರೆದದ್ದನ್ನು ನನ್ನಿಂದ ಓದಿಸಿ ಕೇಳುವುದೆಂದರೆ ಆಕೆಗೆ ಹಬ್ಬ. ಮಾನ್ವಿಯ ಒಬ್ಬಾಕೆಯಂತೂ ಪ್ರತಿ ಅಡುಗೆಗೂ ಬರೆಯುತ್ತಿದ್ದಳು: “ನಮ್ಮವ್ವ ಹೋದಮ್ಯಾಲ ಇಂಥ ಕೈ ನೋಡಿದ್ದಿಲ್ಲ.”

ಆ ವರ್ಷ ತನ್ನದೇ ಒಂದು ಖಾನಾವಳಿ ಹಾಕಬೇಕೆಂದು ಚಿಗವ್ವ ಗಟ್ಟಿ ಮನಸ್ಸು ಮಾಡಿದಳು. ಬೋರ್ಡಿಗೆ ತನ್ನ ಹೆಸರು, ವಿಡಿಯೋದಲ್ಲಿ ತನ್ನ ಮುಖ. ಮಗಳು ಬೇಡವೆಂದಳು.

“ಹಿಂಗ ಛಲೋ ನಡದದಲ್ಲಾ, ನಡೀಲಿ ಬಿಡು ಯವ್ವಾ. ಹೆಸರು ಹೇಳಿದ್ರ ಜಾತಿ ಹುಡಕ್ತಾರ.”

“ಹುಡಕ್ಲಿ. ಎಷ್ಟ ದಿನ ಕಳ್ಳರಂಗ ಬರೇ ಕೈ ತೋರಸಲಿ? ನನಗೂ ಒಂದು ಹೆಸರು ಅದ ಬೇ.”

ಆ ವಿಡಿಯೋ ಹಿಡಿದವಳು ನಾನೇ. ಚಿಗವ್ವ ತಲೆ ಬಾಚಿಕೊಂಡು, ಬುದ್ಧನ ಪಟದ ಮುಂದೆ ಕುಳಿತು, ತನ್ನ ಹೆಸರು, ಅಪ್ಪನ ಹೆಸರು, ಊರು, ಕೇರಿ ಎಲ್ಲ ಹೇಳಿದಳು. ಮುಗಿಸಿ ಒಂದು ತಂಬಿಗೆ ನೀರು ಕುಡಿದಳು.

ಮಾನ್ವಿಯಾಕೆ ಅದಕ್ಕೂ ಮೊದಲೇ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಖಡಕ್ ರೊಟ್ಟಿ, ಹಿಂಡಿ ಹೇಳಿಟ್ಟಿದ್ದಳು. ಅದೇ ಚಿಗವ್ವನ ಮೊದಲ ಆರ್ಡರ್. ವಿಡಿಯೋ ಹಾಕಿದ ಮರುದಿನವೇ ನಾವಿಬ್ಬರೂ ಬುಟ್ಟಿ ಹೊತ್ತುಕೊಂಡು ಮಾನ್ವಿಗೆ ಹೋದೆವು. ಬಾಗಿಲಿಗೆ ಬಂದ ಆಕೆ ಚಿಗವ್ವನ ಗುರುತು ಹಿಡಿದಳು. ಒಂದು ಕ್ಷಣ ಆಕೆಯ ಕಣ್ಣಲ್ಲಿ ಸಂತೋಷವೇ ಇತ್ತು, ಸುಳ್ಳು ಹೇಳಲಾರೆ. ಒಳಗೆ ಯಾರೋ ಕೆಮ್ಮಿದರು. ಆಕೆಯ ದನಿ ಇಳಿಯಿತು.

“ನಿನ್ನಿ ವಿಡಿಯೋ ಮನ್ಯಾಗ ಎಲ್ಲಾರೂ ನೋಡ್ಯಾರ್ರಿ. ಬೀಗರು ಬಂದು ಕುಂತಾರ... ನನ್ನ ಮಾತು ಯಾರೂ ಕೇಳವಲ್ಲರು. ತಪ್ಪ ತಿಳಕೋಬ್ಯಾಡ್ರಿ.”

ಬುಟ್ಟಿ ಇನ್ನೂ ಚಿಗವ್ವನ ತಲೆಯ ಮೇಲೇ ಇತ್ತು.

“ಮಗಳು ಆರಾಮ ಅದಾಳೇನ್ರಿ?” ಎಂದು ಕೇಳಿದಳು.

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೂಂ ಎಂದು ತಲೆಯಾಡಿಸಿದಳು.

“ಛಲೋ ಆಗ್ಲಿ,” ಎಂದು ಚಿಗವ್ವ ತಿರುಗಿ ನಡೆದಳು.

ಮನೆ ಸೇರಿ ಮಗಳಿಗೆ, “ರೊಟ್ಟಿ ಉಳದಾವ, ಉಣ್ಣು ಬಾ,” ಎಂದಷ್ಟೇ ಹೇಳಿದಳು.

ಖಾನಾವಳಿಯನ್ನಂತೂ ತೆರೆದಳು, ಹೆಸರು ಬರೆಸಿಯೇ. ಹಾಸ್ಟೆಲ್ ಹುಡುಗರು, ಶಕ್ತಿನಗರಕ್ಕೆ ಹೋಗಿಬರುವ ಗುತ್ತಿಗೆ ಕೆಲಸದವರು ಉಂಡು ಹೋಗುತ್ತಿದ್ದರು. ಅಂದುಕೊಂಡಷ್ಟು ಜನ ಬರಲಿಲ್ಲ. ವಿಡಿಯೋಗಳ ಕೆಳಗೆ ಕೊಳಕು ಮಾತು ಹೆಚ್ಚಾದ ಮೇಲೆ ಆಕೆ ನನ್ನಿಂದ ಓದಿಸುವುದನ್ನೇ ಬಿಟ್ಟಳು. ಆದರೆ ಮುಖದ ವಿಡಿಯೋ ತೆಗೆದುಹಾಕೆಂದು ಒಮ್ಮೆಯೂ ಅನ್ನಲಿಲ್ಲ.

ನನಗೆ ನೌಕರಿ ಸಿಕ್ಕು ಗಬ್ಬೂರಿಗೆ ಹೋದೆ. ರಾಯಚೂರಿಗೆ ಬಂದಾಗಲೆಲ್ಲ ಹೋಗಿ ಕಾಣುತ್ತಿದ್ದೆ. ಪ್ರತಿ ಸಲವೂ ಇನ್ನಷ್ಟು ಸೊರಗಿರುತ್ತಿದ್ದಳು. ಕಾಮಾಲೆ ಎಂದರು, ಮತ್ತೇನೋ ಎಂದರು... ಒಂದು ಬೇಸಿಗೆಯಲ್ಲಿ ತೀರಿಕೊಂಡಳು. ಖಾನಾವಳಿ ಇದ್ದ ಜಾಗದಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ.

ಇದನ್ನು ಬರೆದು ಮುಗಿಸಿ ಆಕೆಯ ಮಗಳಿಗೆ ಫೋನ್ ಮಾಡಿದೆ. ಮದುವೆಯಾಗಿ ದೂರದ ಊರಿನಲ್ಲಿದ್ದಾಳೆ. ಓದಿ ಹೇಳಿದೆ.

“ಅಕ್ಕಾ, ಅವ್ವನ ಹೆಸರು ಹಾಕಬ್ಯಾಡ್ರಿ. ಇಲ್ಲಿ ಬಾಡಿಗಿ ಮನಿ ಸಿಗೋದ ಕಷ್ಟ ಆಗಿತ್ತು. ನಾವು ಯಾರಂತ ಯಾರಿಗೂ ಹೇಳಿಲ್ಲ.” ಆಮೇಲೆ ಮೆಲ್ಲಗೆ ಹೇಳಿದಳು, “ಅಕಿ ಮುಖದ ವಿಡಿಯೋನೂ ತಗದು ಹಾಕೀನ್ರಿ.”

ಅತ್ತಲಿಂದ ಅಳು ಕೇಳುತ್ತಿತ್ತು. ಫೋನಿಟ್ಟು, ಹೆಸರಿದ್ದ ಕಡೆಯಲ್ಲೆಲ್ಲ ಅಳಿಸಿ, ಚಿಗವ್ವ ಎಂದು ತಿದ್ದಿದೆ.