ಹುಣಸೆಹಣ್ಣಿನಿಂದ ತಿಕ್ಕಿದ ಬಿದ್ರಿ ಡಬ್ಬಿ

ಹಳೆಯ ಸಾಮಾನೆಂದರೆ ಪ್ರೀತಿ ಎನ್ನುವ ಚಿತ್ರಗಾರರನ್ನು ನಾನು ನಂಬುವುದಿಲ್ಲ. ನಾನೂ ಅದೇ ಜಾತಿಯವನು.

ಓದಿದ್ದು ಮೆಟ್ರಿಕ್. ಭಾಲ್ಕಿಯಲ್ಲಿ ಅಂಗಡಿಗಳ ಬೋರ್ಡು ಬರೆದು ಹೊಟ್ಟೆ ಹೊರೆದೆ. ಸೊಕ್ಕು ಮಾತ್ರ ದೊಡ್ಡ ಕಲಾವಿದನದು. ರವಿವಾರ ಬೀದರಿನ ಗುಜರಿ ಅಂಗಡಿಗಳಲ್ಲಿ ಕೂತು ಗಾಜಿಲ್ಲದ ಕಂದೀಲು, ತುಕ್ಕು ಹಿಡಿದ ಬೀಗ, ತಗ್ಗು ಬಿದ್ದ ಕೊಡ ಬರೆಯುತ್ತಿದ್ದೆ. ಅವನ್ನು ಮಾರಿದವರೆಲ್ಲ ಕಣ್ಣಿಲ್ಲದ ಮಂದಿ ಎಂದು ಮನಸ್ಸಿನಲ್ಲೇ ಬೈಯುತ್ತಿದ್ದೆ. ಆ ಕೊಡದಲ್ಲಿ ಯಾರು ನೀರು ಹೊತ್ತರೋ ನನಗೇನು? ನನಗೆ ಬೇಕಾಗಿದ್ದದ್ದು ತಗ್ಗಿನ ನೆರಳು.

ಔರಾದದ ನಿವೃತ್ತ ನರ್ಸ್ ಒಬ್ಬರ ಬಳಿ ಅವರ ತಾಯಿಯ ಬಿದ್ರಿ ಡಬ್ಬಿ ಇತ್ತು. ಚರ್ಚಿಗೆ ಹೋಗುವಾಗಿನ ಬಿಳಿ ಕರವಸ್ತ್ರಗಳನ್ನು ಅದರಲ್ಲಿಡುತ್ತಿದ್ದರು. ಚಿತ್ರ ಬರೆಯಲು ಕೇಳಿದೆ, ನಂಬಿ ಕೊಟ್ಟರು. ಮನೆಗೆ ತಂದು ನೋಡಿದರೆ ಕರಿ ಲೋಹದಲ್ಲಿ ಕೂರಿಸಿದ ಬೆಳ್ಳಿಯ ಬಳ್ಳಿ ಮಂಕಾಗಿತ್ತು. ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಬಿದ್ರಿ ಕೆಲಸಗಾರರು ಬೀದರ ಕೋಟೆಯ ಮಣ್ಣು ಕುದಿಸಿ ಹಿಡಿಸಿದ ಕಪ್ಪು ಹುಳಿಗೆ ಹೋಯಿತು. ಡಬ್ಬಿಯೂ ಬಳ್ಳಿಯೂ ಒಂದೇ ಬೂದಿ ಬಣ್ಣ. ಬೀದರಿನಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವುದು ಈ ಮಹಾ ಕಲಾವಿದನಿಗೆ ಗೊತ್ತಿರಲಿಲ್ಲ!

ಕೆಲಸಗಾರರ ಬಳಿ ಹೋಗಲು ಮಾನ ಅಡ್ಡ ಬಂತು. ಕರಿ ಬೂಟ್ ಪಾಲಿಶ್ ಬಳಿದು, ಬೆಳ್ಳಿಯ ಮೇಲಿನದನ್ನು ಒರೆಸಿ ಹಿಂದಿರುಗಿಸಿದೆ.

ಮುಂದಿನ ಸಲ ಸಿಕ್ಕಾಗ ಅವರು ಡಬ್ಬಿ ತಾಗಿ ಕರಿ ಕಲೆಯಾದ ಕರವಸ್ತ್ರ ತೋರಿಸಿದರು. "ಪೇಂಟರ್ ಸಾಹೇಬ್ರೆ, ಇದು ಮೊದ್ಲ ಹಿಂಗ ಹತ್ತತಿರಲಿಲ್ಲರಿ."

"ಹಳೀ ಸಾಮಾನ್ ಅಂದ್ರ ಹಂಗೇರಿ ಸಿಸ್ಟರ್. ನಿಮಗ ತಿಳಿಯಂಗಿಲ್ಲ," ಎಂದೆ.

ಆ ಮಾತು ಹುಣಸೆಹಣ್ಣಿಗಿಂತ ಹುಳಿ. ಎಷ್ಟೋ ವರ್ಷ ಹೊಟ್ಟೆಯಲ್ಲೇ ಉಳಿಯಿತು. ಈ ವರ್ಷ ಔರಾದದ ಬಸ್ ಹತ್ತಿ ಹೋಗಿ, ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ.

"ಗೊತ್ತದರಿ," ಎಂದರು ಆಕೆ. "ನಮ್ಮನಿಯವ್ರ ಬೂಟಿಗಿ ದಿನಾ ನಾನೇ ಹಚ್ಚತಿದ್ದೆ. ಪಾಲಿಶ್ ವಾಸನಿ ನನಗ ತಿಳಿಯಂಗಿಲ್ಲೇನ್ರಿ? ನೀವು ಯಾವಾಗ ಹೇಳ್ತೀರಿ ಅಂತ ನೋಡ್ಲತ್ತಿದ್ದೆ."

ಒಳಗೆ ಹೋಗಿ ಡಬ್ಬಿ ತಂದು ಕೈಗಿಟ್ಟರು. "ಬೀದರಿಗಿ ಒಯ್ದು ಕರಿ ಮಾಡಿಸಿಕೊಂಡ್ ಬರ್ರಿ. ಶಾಣ್ಯಾತನ ಮಾಡಬ್ಯಾಡ್ರಿ."

ಎಂಟು ದಿನಕ್ಕೆ ಮಾಡಿಸಿಕೊಂಡು ಹೋದೆ. ಆಕೆ ತೊಳೆದಿಟ್ಟ ಕರವಸ್ತ್ರದಿಂದ ಡಬ್ಬಿಯನ್ನು ನಾಲ್ಕೂ ಕಡೆ ಉಜ್ಜಿ, ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆಯೇ ನನಗೆ ಕೂಡಲು ಹೇಳಿದ್ದು.