ಶ್ರೀರಂಗಯ್ಯನವರು ಕೈ ಎತ್ತಿದವರಲ್ಲ

ಎಎಸ್‌ಐ ಶ್ರೀರಂಗಯ್ಯನವರು ಯಾರ ಮೇಲೂ ಕೈ ಎತ್ತಿದವರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಎಂದು ತೆಂಗಿನ ಸೀಮೆಯಲ್ಲೇ ಸುತ್ತಿ ಸುತ್ತಿ ಸರ್ವೀಸು ಮುಗಿಸುತ್ತ ಬಂದಿದ್ದ ಅವರ ಬಗ್ಗೆ ಇಲಾಖೆಯವರೆಲ್ಲ ಆಡುತ್ತಿದ್ದ ಮಾತು ಅದು. ಬದುವಿನ ಮೇಲಿನ ಒಂದು ಮರಕ್ಕಾಗಿ ಅಣ್ಣತಮ್ಮಂದಿರು ಮಚ್ಚು ಹಿಡಿದು ನಿಂತಿದ್ದಾಗ, ಇಬ್ಬರನ್ನೂ ಅದೇ ಮರದ ಬುಡದಲ್ಲಿ ಕೂರಿಸಿ, ಎಳನೀರು ಕೆಡವಿಸಿ ಕುಡಿಸಿ, ರಾಜಿ ಮಾಡಿಸಿ ಬಂದವರು. ಗಂಡ ಹೊಡೆದನೆಂದು ಅಳುತ್ತ ಬಂದ ಹೆಂಗಸರನ್ನು ‘ತಾಯಿ’ ಎಂದೇ ಮಾತಾಡಿಸುವವರು. ಹೆಂಡತಿ ಚಿಕ್ಕಗಂಗಮ್ಮನಿಗೆ ಇದು ದೊಡ್ಡ ಹೆಮ್ಮೆ. ನೆಂಟರ ಮನೆಯಲ್ಲಿ ಯಾರಾದರೂ ಪೊಲೀಸರ ಬಗ್ಗೆ ಹಗುರವಾಗಿ ಆಡಿದರೆ, “ನಮ್ಮೆಜಮಾನ್ರು ಆ ಥರದೋರಲ್ಲ ಕಣ್ರೀ. ಒಬ್ರಿಗಾದ್ರೂ ಒಂದೇಟು ಹಾಕಿದ್ದಿಲ್ಲ” ಎನ್ನುತ್ತಿದ್ದಳು. ಶ್ರೀರಂಗಯ್ಯನವರು ಕೇಳಿಸದವರ ಹಾಗೆ ಕೂತಿರುತ್ತಿದ್ದರು. ಒಳಗೊಳಗೇ ಹಿತವಾಗುತ್ತಿತ್ತು.

ಅವರಿದ್ದ ಠಾಣೆಗೆ ಬಾಡಿ ಕ್ಯಾಮೆರಾ ಬಂದಾಗ ಸಿಬ್ಬಂದಿಯಲ್ಲಿ ದೊಡ್ಡ ಗುಜುಗುಜು ಎದ್ದಿತು. ಎದೆಗೆ ಸಿಕ್ಕಿಸಿಕೊಳ್ಳುವ ಸಣ್ಣ ಕಪ್ಪು ಡಬ್ಬಿ. ಗಸ್ತಿಗೆ ಹೋದಾಗ, ಗಾಡಿ ತಡೆದಾಗ, ಆನ್ ಮಾಡಿರಬೇಕು ಎಂದು ಮೇಲಿನವರ ಆದೇಶ. ಎಲ್ಲರಿಗಿಂತ ಜೋರಾಗಿ ವಿರೋಧಿಸಿದವನು ಕಾನ್‌ಸ್ಟೇಬಲ್ ಮೋಹನ್.

“ಇದು ನಮ್ಮನ್ನ ಕಾಯೋಕಲ್ಲ ಸಾ, ನಮ್ಮ ತಪ್ಪು ಹುಡುಕೋಕೆ. ಜನ ನಮಗೆ ಬಾಯಿಗ್ ಬಂದಂಗೆ ಬಯ್ಯೋದನ್ನ ಯಾರೂ ನೋಡಲ್ಲ. ನಾವೊಂದ್ ಮಾತು ಅಂದ್ರೆ ಮೊಬೈಲ್‌ನಾಗೆಲ್ಲಾ ಓಡಾಡ್ತದೆ. ಅಲ್ದೆ, ಇದನ್ನ ಕಂಡ್ರೆ ನಮಗೆ ಗುಟ್ಟು ಹೇಳೋ ಜನ ಬಾಯಿ ಬಿಡ್ತಾರಾ?”

ಶ್ರೀರಂಗಯ್ಯನವರು ನಕ್ಕುಬಿಟ್ಟರು. “ತಪ್ಪು ಮಾಡ್ದಿದ್ದೋನಿಗೆ ಏನ್ಲಾ ಭಯ? ನಾಳೆ ಯಾವನಾದ್ರೂ ಸುಳ್ಳು ಕಂಪ್ಲೇಂಟ್ ಕೊಟ್ರೆ ನಮ್ಮನ್ನ ಉಳಿಸೋದು ಇದೇ ಕಣ್ಲಾ. ಮೇಡಂ, ಮೊದಲ್ನೇದು ನಂಗೇ ಕೊಡಿ.”

ಠಾಣೆಯ ಮೇಲಧಿಕಾರಿ ಎಸ್‌ಐ ಧನಲಕ್ಷ್ಮಿ, ಶ್ರೀರಂಗಯ್ಯನವರಿಗಿಂತ ವಯಸ್ಸಿನಲ್ಲಿ ಬಹಳ ಚಿಕ್ಕವಳು. “ಎಲ್ರೂ ರಂಗಯ್ಯನವರ ಥರ ಇದ್ರೆ ನಂಗೆ ಕೆಲಸಾನೇ ಇರಲ್ಲ” ಎಂದು ಮೊದಲ ಕ್ಯಾಮೆರಾವನ್ನು ಅವರಿಗೇ ಕೊಟ್ಟಳು.

ಆ ಬೇಸಿಗೆಯಲ್ಲಿ ತೋಟಗಳಲ್ಲಿ ಕಾಯಿ ಕಳ್ಳತನ ಹೆಚ್ಚಾಗಿತ್ತು. ಊರಾಚೆಯ ತಿರುವಿನಲ್ಲಿ ನಿಂತು ಕಾಯಿ ಸಾಗಿಸುವ ಗಾಡಿಗಳನ್ನು ತಡೆದು ನೋಡುವುದು ಶ್ರೀರಂಗಯ್ಯ ಮತ್ತು ಮೋಹನ್ ಪಾಲಿಗೆ ಬಂತು. ಬೆಳಗಿನಿಂದ ಎಷ್ಟೋ ಗಾಡಿಗಳು ಬಂದವು, ಹೋದವು.

ಸ್ವಲ್ಪ ದಿನಕ್ಕೆ ದೂರೊಂದು ಬಂತು. ಬರೆದವಳು ಯಾಸ್ಮಿನ್ ಎಂಬ ಹುಡುಗಿ. ತಿಪಟೂರಿನಲ್ಲಿ ಬಿಕಾಂ ಓದುವವಳು. ಅವಳ ತಂದೆ ಫಕ್ರುದ್ದೀನ್, ಹಿತ್ತಲಲ್ಲಿ ನಾಲ್ಕಾರು ಮರ ಇರುವವರ ಮನೆಗೆ ಹೋಗಿ ಕಾಯಿ ಕೊಂಡು ಮಾರುವ ಚಿಲ್ಲರೆ ವ್ಯಾಪಾರಿ. ತಿರುವಿನಲ್ಲಿ ತಮ್ಮ ಗೂಡ್ಸ್ ಆಟೋ ತಡೆದ ಎಎಸ್‌ಐ ತನ್ನ ಕಣ್ಣೆದುರೇ ತಂದೆಗೆ ಅವಮಾನ ಮಾಡಿದರೆಂದು ಅವಳು ದೂರಿದ್ದಳು.

ಶ್ರೀರಂಗಯ್ಯನವರಿಗೆ ನಿಜಕ್ಕೂ ನೆನಪಿಗೆ ಬಂದದ್ದು ಇಷ್ಟೇ: ಒಂದು ಆಟೋ ತಡೆದದ್ದು, ಕಾಯಿ ಎಲ್ಲಿಯದೆಂದು ಕೇಳಿದ್ದು, ಬಿಟ್ಟು ಕಳಿಸಿದ್ದು. ಅವರ ಮುಖ ಕೆಂಪಾಯಿತು.

“ನಾನಾ? ಅವಮಾನಾನಾ? ಮೇಡಂ, ಕ್ಯಾಮೆರಾ ತೆಗೀರಿ. ಎಲ್ರೆದುರಿಗೂ ನೋಡೇಬುಡೋಣ.”

ಧನಲಕ್ಷ್ಮಿ ಕಂಪ್ಯೂಟರಿನಲ್ಲಿ ಆ ದಿನದ ದೃಶ್ಯ ಹಾಕಿದಳು. ಮೋಹನ್ ಹಿಂದೆ ನಿಂತಿದ್ದ.

ತೆರೆಯ ಮೇಲೆ ಶ್ರೀರಂಗಯ್ಯನವರ ವಯಸ್ಸಿನವನೇ ಒಬ್ಬ ಮನುಷ್ಯ ಆಟೋದಿಂದ ಇಳಿದ. ಇಳಿಯುವಾಗಲೇ ಹೆಗಲ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಕಾಣದ ಕಡೆಯಿಂದ ಒಂದು ದನಿ ಕೇಳಿತು: “ಎಲ್ ಎಗರ್ಸ್‌ಕಂಡ್ ಬಂದೆ?” ಆ ದನಿ ಯಾರದೆಂದು ಗುರುತು ಹತ್ತಲು ಶ್ರೀರಂಗಯ್ಯನವರಿಗೆ ಒಂದು ಗಳಿಗೆ ಬೇಕಾಯಿತು.

“ಕದ್ದಿದ್ದಲ್ಲ ಸಾರ್. ದಂಡಿನಶಿವರದ ಕಡೆ ಮನೆಮನೆಯಿಂದ ತಗಂಡಿದ್ದು. ಬೇಕಾದ್ರೆ ಫೋನ್ ಮಾಡಿ ಕೇಳಿ ಸಾರ್.”

“ನಿಮ್ಮೋರಿಗೆ ಮರ ನೆಡೋಕ್ ಬರಲ್ಲ, ಕಾಯಿ ಹೊಡಿಯೋಕ್ ಮಾತ್ರ ಬತ್ತದೆ. ಇಳ್ಸು ಎಲ್ಲಾನೂ.”

ಚೀಲಗಳು ರಸ್ತೆಗೆ ಬಿದ್ದವು. ಕಾಯಿಗಳು ಇಳಿಜಾರಿನಲ್ಲಿ ಉರುಳತೊಡಗಿದವು. ಫಕ್ರುದ್ದೀನ್ ಬಸ್ಸು ಲಾರಿಗಳ ನಡುವೆ ಬಗ್ಗಿ ಬಗ್ಗಿ ಅವುಗಳ ಹಿಂದೆ ಓಡಿದ. ಮೋಹನ್ ನಕ್ಕ ಸದ್ದು, ಅದರ ಜೊತೆಗೆ ಇನ್ನೊಂದು ನಗು. ಎರಡನೆಯದು ಹೊಟ್ಟೆಯಿಂದ ಬಂದ, ಬಹಳ ಹತ್ತಿರದ ನಗು. ಫಕ್ರುದ್ದೀನ್ ಕಾಯಿಗಳನ್ನು ಎದೆಗೆ ಅವಚಿಕೊಂಡು ಬಂದು, ದನಿ ತಗ್ಗಿಸಿ, “ಗಾಡೀಲಿ ನನ್ ಮಗ್ಳವ್ಳೆ ಸಾರ್” ಎಂದ.

“ನೋಡ್ಲಿ ಬುಡು. ಅಪ್ಪನ ವ್ಯಾಪಾರ ಏನು ಅಂತ ಅವ್ಳಿಗೂ ಗೊತ್ತಾಗ್ಲಿ.”

ಆಟೋದ ಒಳಗಿನಿಂದ ಹುಡುಗಿ ನೋಡುತ್ತಿದ್ದಳು. ಕೈಯಲ್ಲಿ ಪುಸ್ತಕ ಹಿಡಿದು, ಅಲುಗಾಡದೆ, ನೇರವಾಗಿ. ಆಮೇಲೆ ಅದೇ ದನಿ, “ಹೋಗ್ ಹೋಗು” ಎಂದಿತು. ಅದರ ಹಿಂದೆಯೇ, ಏನೂ ಆಗದವರ ಹಾಗೆ, “ಟೀ ತರ್ಸ್ಲಾ ಮೋಹನ” ಎಂದಿತು.

ಧನಲಕ್ಷ್ಮಿ ನಿಲ್ಲಿಸಿದಳು. ಎಲ್ಲೂ ಅವರು ಕೈ ಎತ್ತಿರಲಿಲ್ಲ. ಕ್ಯಾಮೆರಾ ಎದೆಯ ಮೇಲಿದ್ದುದರಿಂದ ಅವರ ಮುಖವೂ ಅದರಲ್ಲಿ ಇರಲಿಲ್ಲ. ಇದ್ದದ್ದು ಅವರನ್ನು ನೋಡುತ್ತಿದ್ದವರ ಮುಖ. ಒಬ್ಬರ ಮುಂದೆ ಮನುಷ್ಯ ಅಷ್ಟು ಸಣ್ಣವನಾಗಿ ನಿಲ್ಲಬಲ್ಲ ಎಂಬುದನ್ನು ಶ್ರೀರಂಗಯ್ಯ ಎಷ್ಟೋ ಸಲ ಕಂಡಿದ್ದರು. ಆದರೆ ಆ ಒಬ್ಬರು ತಾವು ಎಂದು ಎಣಿಸಿರಲಿಲ್ಲ. ಇದು ಒಂದೇ ದಿನದ ಮಾತಾಗಿರಲಾರದು ಎಂದೂ ಅನ್ನಿಸಿತು. ಕ್ಯಾಮೆರಾ ಇಲ್ಲದ ದಿನಗಳಲ್ಲಿ ಏನೇನು ಅಂದಿದ್ದೆನೋ, ಯಾರು ಯಾರು ಕೇಳಿಕೊಂಡು ಮನೆಗೆ ಹೋಗಿದ್ದರೋ. ಮಗಳಂಥ ಮೇಲಧಿಕಾರಿಯ ಕಡೆ ಕಣ್ಣೆತ್ತಲಾಗಲಿಲ್ಲ.

ಮೋಹನನೇ ಮಾತಾಡಿದ. “ಚಾರ್ಜ್ ಇರ್ಲಿಲ್ಲ, ರೆಕಾರ್ಡ್ ಆಗಿಲ್ಲ ಅಂತ ಬರೆದ್ರಾಯ್ತು ಮೇಡಂ. ಪಾಪ, ರಿಟೈರ್ ಆಗೋ ಮನುಷ್ಯ.”

“ನೀವೇನಂತೀರಿ ರಂಗಯ್ಯನವರೇ?” ಎಂದಳು ಧನಲಕ್ಷ್ಮಿ.

ಅವರು ನೆಲ ನೋಡುತ್ತ, “ಹಂಗೇ ಬರೀರಿ ಮೇಡಂ” ಎಂದುಬಿಟ್ಟರು.

ಮನೆಗೆ ಬಂದರೆ ಚಿಕ್ಕಗಂಗಮ್ಮ ಬಿಸಿ ಮುದ್ದೆ ಇಟ್ಟು ಎದುರಿಗೆ ಕೂತಳು. “ಯಾರೋ ನಿಮ್ ಮೇಲೆ ಸುಳ್ ಕಂಪ್ಲೇಂಟ್ ಕೊಟ್ಟವ್ರಂತೆ? ಬುಡಿ, ಯಾಕ್ ಮಂಕಾಗಿದ್ದೀರಿ. ಕ್ಯಾಮೆರಾ ಐತಲ್ಲ, ಅದು ದೇವ್ರಿದ್ದಂಗೆ. ಸುಳ್ ಹೇಳಲ್ಲ.” ಶ್ರೀರಂಗಯ್ಯ ಮುರಿದ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟರು. ಹೊಟ್ಟೆ ಸರಿಯಿಲ್ಲ ಎಂದು ಎದ್ದರು.

ಹೇಳಿಕೆ ಕೊಡಲು ತಂದೆ ಮಗಳು ಠಾಣೆಗೆ ಬಂದ ದಿನ ಶ್ರೀರಂಗಯ್ಯ ಪಕ್ಕದ ಮೇಜಿನಲ್ಲೇ ಇದ್ದರು. ಹೊರಗೆ ಹೋಗಬಹುದಿತ್ತು, ಹೋಗಲಿಲ್ಲ. ಫಕ್ರುದ್ದೀನ್ ಕುರ್ಚಿಯ ತುದಿಯಲ್ಲಿ ಕೂತು, “ಬುಡಿ ಮೇಡಂ, ಮಗ್ಳು ಏನೋ ಬರೆದ್ಬುಟ್ಟವ್ಳೆ. ನಮಗೇನೂ ಬೇಡ” ಎನ್ನುತ್ತಿದ್ದ. ಧನಲಕ್ಷ್ಮಿ ತಡವರಿಸುತ್ತ, ಆ ದಿನ ಕ್ಯಾಮೆರಾ ಕೆಲಸ ಮಾಡಿದಂತಿಲ್ಲ ಎಂದಳು.

“ಇಲ್ಲ ಮೇಡಂ, ಆನ್ ಇತ್ತು” ಎಂದಳು ಯಾಸ್ಮಿನ್. “ಕೆಂಪು ಲೈಟು ಮಿಣುಕ್ತಿತ್ತು. ಅದನ್ನ ನೋಡ್ಕೊಂಡೇ ನಾನು ಸುಮ್ನೆ ಕೂತಿದ್ದೆ. ಇಲ್ದಿದ್ರೆ ಇಳಿದು ಜಗಳ ಆಡ್ತಿದ್ದೆ. ನಮ್ ಮಾತು ಯಾರೂ ನಂಬಲ್ಲ, ಅದರಲ್ಲಿ ಇರೋದನ್ನ ನಂಬ್ತಾರೆ ಅಂದ್ಕೊಂಡೆ.”

ಶ್ರೀರಂಗಯ್ಯ ಮೇಜು ಹಿಡಿದುಕೊಂಡು ಎದ್ದರು. ಅದು ಧೈರ್ಯವೇನಲ್ಲ; ಕೂತಿರುವುದು ಇನ್ನು ಆಗದಾಗಿತ್ತು.

“ಮೇಡಂ, ಚಾರ್ಜ್ ಇತ್ತು. ಎಲ್ಲಾ ರೆಕಾರ್ಡ್ ಆಗೈತೆ. ಆ ಹುಡುಗಿ ಬರೆದಿರೋದು ನಿಜ. ಮೇಲಕ್ಕೆ ಕಳ್ಸಿಬುಡಿ.”

ವಿಚಾರಣೆ ನಡೆಯಿತು. ಶ್ರೀರಂಗಯ್ಯನವರಿಗೆ ಛೀಮಾರಿಯೂ, ಜಿಲ್ಲೆಯ ಇನ್ನೊಂದು ತುದಿಗೆ ವರ್ಗವೂ ಆಯಿತು. ಅವರ ನಗುವಿನ ಜೊತೆ ತನ್ನ ನಗುವೂ ಸೇರಿದ್ದಕ್ಕೆ ಮೋಹನನಿಗೆ ನೋಟೀಸು ಬಂತು. “ನಿಮ್ಮ ಸತ್ಯ ಹರಿಶ್ಚಂದ್ರ ನಾಟಕಕ್ಕೆ ನನ್ನನ್ಯಾಕ್ ಎಳೆದ್ರಿ ಸಾ?” ಎಂದವನು ಆಮೇಲೆ ಅವರ ಮುಖ ಕಂಡರೆ ಬೇರೆ ಕಡೆ ತಿರುಗುತ್ತಿದ್ದ.

ಹೊರಡುವ ಮುಂಚೆ ಕ್ಷಮೆ ಕೇಳಬೇಕೆಂದು, ಯೂನಿಫಾರಂ ಬಿಟ್ಟು, ಬಿಳಿ ಅಂಗಿ ಹಾಕಿಕೊಂಡು ಫಕ್ರುದ್ದೀನನ ಮನೆಗೆ ಹೋದರು. ಅಂಗಳದಲ್ಲಿ ಕಾಯಿ ಸುಲಿಯುತ್ತಿದ್ದ ಫಕ್ರುದ್ದೀನ್ ಅವರನ್ನು ಕಂಡವನೇ ಧಡಕ್ಕನೆ ಎದ್ದ.

“ಸಾರ್, ನಾವ್ ಮತ್ತೇನೂ ಬರೆದಿಲ್ಲ ಸಾರ್. ಮಗ್ಳಿಗೂ ಹೇಳಿದೀನಿ.”

“ಅದಕ್ಕಲ್ಲ ಫಕ್ರುದ್ದೀನ್ ಸಾಹೇಬ್ರೇ. ನಂದು ತಪ್ಪಾಯ್ತು ಅಂತ...”

“ಆಗ್ಲಿ ಸಾರ್, ಏನಿಲ್ಲ ಸಾರ್, ಕೂತ್ಕೊಳಿ ಸಾರ್.” ಅವನು ಕುರ್ಚಿಗೆಂದು ಓಡಾಡತೊಡಗಿದ. ಶ್ರೀರಂಗಯ್ಯ ಕೈ ಮುಗಿದರೆ ಅವನು ಇನ್ನಷ್ಟು ಬಗ್ಗಿ ಮುಗಿದ.

ಯಾಸ್ಮಿನ್ ಬಾಗಿಲಿಗೆ ಬಂದಳು. “ಸಾರ್, ನೀವು ನಿಜ ಹೇಳಿದ್ರಿ, ಅಷ್ಟಾಯ್ತಲ್ಲ. ಮನೆಗೆ ಬರ್ಬೇಡಿ. ಪೊಲೀಸ್ನೋರು ಯಾಕ್ ಬಂದಿದ್ರು ಅಂತ ಬೀದಿಯೋರೆಲ್ಲ ಕೇಳ್ತಾರೆ. ನಮ್ ಅಬ್ಬ ಒಬ್ಬೊಬ್ರಿಗೂ ಉತ್ತರ ಹೇಳ್ಬೇಕು.”

ಎದುರುಮನೆಯ ಕಟ್ಟೆಯ ಮೇಲೆ ಆಗಲೇ ಮೂರ್ನಾಲ್ಕು ಜನ ಸೇರಿದ್ದರು. ಶ್ರೀರಂಗಯ್ಯ ತಲೆ ತಗ್ಗಿಸಿ ಬೈಕಿನ ಕಡೆ ನಡೆದರು.

ಅಂದು ಸಂಜೆ ಹೆಂಡತಿಯನ್ನು ಕೂರಿಸಿಕೊಂಡು, ಎಲ್ಲವನ್ನೂ ಹೇಳಿದರು. ತಾವು ಅಂದ ಮಾತನ್ನು ಅಂದ ಹಾಗೆಯೇ, ಒಂದಕ್ಷರ ಮೆದುಮಾಡದೆ ಹೇಳಿದರು.

ಚಿಕ್ಕಗಂಗಮ್ಮ ಸೆರಗಿನ ಅಂಚು ಸುತ್ತುತ್ತ, “ಆ ಹುಡುಗಿ ವಯಸ್ಸೆಷ್ಟು?” ಎಂದು ಕೇಳಿದಳು.

“ನಮ್ ಧನ್ಯಶ್ರೀ ವಯಸ್ಸಿರ್ಬೋದು.”

ಅವರ ಮಗಳ ಹೆಸರು ಅದು. ಚಿಕ್ಕಗಂಗಮ್ಮ ಎದ್ದು ಹಿತ್ತಲಿಗೆ ಹೋದಳು. ಶ್ರೀರಂಗಯ್ಯ ಟ್ರಂಕು ಎಳೆದುಕೊಂಡು, ಪ್ರತಿ ವರ್ಗದಲ್ಲೂ ಅವಳೇ ಮಡಿಸಿಡುತ್ತಿದ್ದ ಬಟ್ಟೆಗಳನ್ನು ಈ ಸಲ ತಾವೇ ಮಡಿಸಿ ಇಡತೊಡಗಿದರು.